ದಾನಪತ್ರದಲ್ಲಿ ನಾನು ಬೇಡವೆಂದ ಒಂದು ಸಾಲು

ಅಣ್ಣನ ಮನೆಯಲ್ಲಿ ಅಮ್ಮ ಸೊರಗುತ್ತಿದ್ದಾರೆ, ಆದರೆ ಮೈಮೇಲೆ ಏಟಿನ ಗುರುತಿಲ್ಲ, ಮನೆಯನ್ನು ಈಗಾಗಲೇ ಅಣ್ಣನಿಗೆ ಬರೆದುಕೊಟ್ಟಾಗಿದೆ, ಮದುವೆಯಾಗಿ ಹೊರಬಂದ ಮಗಳು ದೂರು ಕೊಡಬಹುದೇ ಅಥವಾ ಮೊದಲು ಹಿರಿಯರನ್ನು ಕೂರಿಸಿ ರಾಜಿ ಮಾಡಿಸಬೇಕೇ ಎಂದು ಕೇಳಿದ್ದೀರಿ. ಅಮ್ಮನ ಜಾಗದಲ್ಲಿ ಅಪ್ಪ ಎಂದು ಬದಲಿಸಿದರೆ, 2022ರಲ್ಲಿ ಈ ಪ್ರಶ್ನೆಯನ್ನು ನಾನೇ ಬರೆಯಬಹುದಿತ್ತು.

ತುಮಕೂರು ಜಿಲ್ಲೆಯ ನಮ್ಮ ಊರಿನಲ್ಲಿ ಅಪ್ಪನಿಗೆ ಒಂದು ಮನೆ ಮತ್ತು ಎರಡು ಎಕರೆ ತೆಂಗಿನ ತೋಟ ಇದ್ದವು. ಅಮ್ಮ ತೀರಿಕೊಂಡ ಮರುವರ್ಷ, 2018ರಲ್ಲಿ, ಎರಡನ್ನೂ ಅಣ್ಣನಿಗೆ ದಾನಪತ್ರ ಮಾಡಿಕೊಟ್ಟರು. ಮೊದಲೆರಡು ವರ್ಷ ಎಲ್ಲವೂ ಸರಿಯಾಗಿಯೇ ಇತ್ತು. ಆಮೇಲೆ ನಾನು ಬೆಂಗಳೂರಿನಿಂದ ಫೋನ್ ಮಾಡಿದಾಗಲೆಲ್ಲ ಅಣ್ಣನೇ ಎತ್ತುತ್ತಿದ್ದ. ಅಪ್ಪನಿಗೆ ಕಿವಿ ಪೂರಾ ಹೋಗಿದೆ, ಮಾತಾಡಿ ಏನು ಪ್ರಯೋಜನ ಎನ್ನುತ್ತಿದ್ದ. ನಾನು ಅದನ್ನು ನಂಬಿದೆ. ಊರಹಬ್ಬಕ್ಕೆ ಹೋದಾಗ ಅಪ್ಪನ ಕಿವಿಯಂತ್ರದ ಪುಟ್ಟ ಮುಚ್ಚಳ ತೆಗೆದು ನೋಡಿದರೆ ಒಳಗೆ ಸೆಲ್ಲೇ ಇರಲಿಲ್ಲ. ಮುಗಿದು ನಾಲ್ಕು ತಿಂಗಳಾಗಿತ್ತಂತೆ. ತಲೆದಿಂಬಿನ ಕೆಳಗೆ, ಹಳೆಯ ಪೇಪರಿನಲ್ಲಿ ಸುತ್ತಿಟ್ಟ ಅರ್ಧ ಮುದ್ದೆ ಒಣಗಿ ಕಲ್ಲಾಗಿತ್ತು. ಏಕೆಂದು ಕೇಳಿದರೆ, "ರಾತ್ರಿ ಹೊಟ್ಟೆ ಹಸಿದರೆ ಇರಲಿ ಅಂತ ಕಣಮ್ಮ" ಎಂದರು. ಕೊಬ್ಬರಿ ಮಾರಿದ ಹಣವಿರಲಿ, ಸಂಧ್ಯಾ ಸುರಕ್ಷಾ ಯೋಜನೆಯ ಪಾಸ್‌ಬುಕ್ಕು ಕೂಡ ಅವರ ಬಳಿ ಇರಲಿಲ್ಲ.

ಅವರ ಮೈಮೇಲೂ ಒಂದು ಗಾಯವಿರಲಿಲ್ಲ. ಆದ್ದರಿಂದ ಗುರುತು ಹುಡುಕುವುದನ್ನು ಬಿಡಿ. ಅಮ್ಮನ ಹಣ ಯಾರ ಕೈಯಲ್ಲಿದೆ, ಮಾತ್ರೆಯ ಹಾಳೆ ದಿನಕ್ಕೆ ತಕ್ಕಂತೆ ಖಾಲಿಯಾಗಿದೆಯೇ, ಅವರ ಜೊತೆ ಒಬ್ಬರೇ ಕುಳಿತು ಅರ್ಧ ಗಂಟೆ ಮಾತಾಡಲು ಮನೆಯವರು ಬಿಡುತ್ತಾರೆಯೇ ಎಂಬುದನ್ನು ನೋಡಿ. ಪೋಷಕರ ಮತ್ತು ಹಿರಿಯ ನಾಗರಿಕರ 2007ರ ಕಾಯ್ದೆಯು ಜೀವನಾಂಶ ಎನ್ನುವಾಗ ಊಟ, ಬಟ್ಟೆ, ವಸತಿ, ವೈದ್ಯೋಪಚಾರ ನಾಲ್ಕನ್ನೂ ಹೇಳುತ್ತದೆ. ಅದನ್ನು ಕೇಳಲು ಮೊದಲು ಯಾರೋ ಹೊಡೆದಿರಬೇಕೆಂದು ಎಲ್ಲಿಯೂ ಹೇಳುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ದಾನಪತ್ರದ ದಿನ ನಾನೂ ಸಾಕ್ಷಿ ಹಾಕಲು ಹೋಗಿದ್ದೆ. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರ ಬರಹಗಾರರು ಕರಡು ಓದಿ ಹೇಳುತ್ತಾ, "ಯಜಮಾನರನ್ನು ಕೊನೆವರೆಗೂ ನೋಡಿಕೊಳ್ಳಬೇಕು ಅಂತ ಒಂದು ಷರತ್ತು ಸೇರಿಸಲಾ?" ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ಅಣ್ಣ ನೆಲ ನೋಡುತ್ತಿದ್ದ. ಹೆತ್ತ ಮಗನಿಗೆ ಷರತ್ತೇ, ಅತ್ತಿಗೆ ಏನೆಂದುಕೊಂಡಾರು ಎಂಬ ಸಂಕೋಚದಲ್ಲಿ ನಾನೇ "ಬೇಡ ಬಿಡಿ" ಎಂದೆ. ಅವರು "ಪ್ರೀತಿ ವಿಶ್ವಾಸಪೂರ್ವಕವಾಗಿ, ಯಾವ ಷರತ್ತೂ ಇಲ್ಲದೆ" ಎಂದು ಬರೆದರು. ಆ ಸಾಲಿಗೆ ಹೆಚ್ಚಿನ ಖರ್ಚಿರಲಿಲ್ಲ, ಮುದ್ರಾಂಕ ಶುಲ್ಕ ಏರುತ್ತಿರಲಿಲ್ಲ, ಅಣ್ಣ ಬೇಡವೆಂದೂ ಹೇಳುತ್ತಿರಲಿಲ್ಲ. ಅಂದು ಅವನಿಗೆ ಕೆಟ್ಟ ಉದ್ದೇಶವೇ ಇರಲಿಲ್ಲ ಎಂದು ಈಗಲೂ ನಂಬುತ್ತೇನೆ. ಷರತ್ತು ಬರೆಸಬೇಕಾದದ್ದು ಅಂಥ ಒಳ್ಳೆಯ ದಿನದಲ್ಲೇ, ಕೆಟ್ಟ ದಿನ ಬಂದ ಮೇಲೆ ಯಾರು ಬರೆದುಕೊಡುತ್ತಾರೆ? ಕಾಯ್ದೆಯ 23ನೆಯ ಕಲಮಿನ ಪ್ರಕಾರ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಪಡೆದವನು ನೋಡಿಕೊಳ್ಳದಿದ್ದರೆ, ಆ ವರ್ಗಾವಣೆಯನ್ನು ಈ ಕಾಯ್ದೆಯಡಿ ಅರ್ಜಿ ಕೇಳುವ ನ್ಯಾಯಮಂಡಳಿ ರದ್ದು ಮಾಡಬಹುದು. ನಮ್ಮ ಪತ್ರದಲ್ಲಿ ಷರತ್ತು ಇಲ್ಲದಿರುವುದಷ್ಟೇ ಅಲ್ಲ, ಇಲ್ಲವೆಂದು ಅಕ್ಷರದಲ್ಲಿ ಬರೆಸಿದ್ದೆವು. ಅಪ್ಪನ ಹೆಸರಿನಲ್ಲಿ ಅಲ್ಲಿ ಕೊಟ್ಟಿದ್ದ ನಮ್ಮ ಅರ್ಜಿ ನಡೆಯುತ್ತಿದ್ದಾಗಲೇ, 2022ರ ಡಿಸೆಂಬರ್‌ನಲ್ಲಿ, ಸುಪ್ರೀಂ ಕೋರ್ಟ್ ಬೇರೊಂದು ಪ್ರಕರಣದಲ್ಲಿ ಅಂಥ ಷರತ್ತು ಇತ್ತೆಂದು ತೋರಿಸಲೇಬೇಕು ಎಂದಿತು. ನಮ್ಮ ತೋಟದ ಆಸೆ ಅಲ್ಲಿಗೆ ಮುಗಿಯಿತು.

ಜೀವನಾಂಶ ಮಾತ್ರ ಸಿಕ್ಕಿತು. ಉಪವಿಭಾಗಾಧಿಕಾರಿಗಳೇ, ಅಂದರೆ ಜನ ಎ.ಸಿ. ಸಾಹೇಬರು ಎನ್ನುವವರೇ, ಈ ನ್ಯಾಯಮಂಡಳಿಯ ಅಧ್ಯಕ್ಷರು. ನೋಟಿಸು ತಲುಪಿದ 90 ದಿನಗಳಲ್ಲಿ ಮುಗಿಯಬೇಕಾದದ್ದು, ನಮ್ಮದು ಏಳು ತಿಂಗಳು ಹಿಡಿಯಿತು. ಅಣ್ಣ ನನ್ನನ್ನೂ ಪ್ರತಿವಾದಿ ಮಾಡಿದ. ಮಗಳಿಗೂ ಹೊಣೆ ಇದೆ ಎಂದ. ಅವನು ಹೇಳಿದ್ದು ಸರಿ. ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗಳೂ ಹೌದು, ಮದುವೆಯಾದರೂ ಹೌದು. ಇದೇ ನಿಮ್ಮ ಮೊದಲ ಪ್ರಶ್ನೆಗೂ ಉತ್ತರ: ಅಮ್ಮನೇ ಅರ್ಜಿ ಕೊಡಬಹುದು, ಅವರಿಗೆ ಆಗದಿದ್ದರೆ ಅವರು ಅಧಿಕಾರ ಕೊಟ್ಟ ಯಾರು ಬೇಕಾದರೂ ಕೊಡಬಹುದು, ಆದರೆ ಹಣ ಕೊಡುವ ಸರದಿ ನಿಮಗೂ ಬಂದೀತು. ಕಾಯ್ದೆ ಹೇಳುವ ಗರಿಷ್ಠ ಮೊತ್ತ ತಿಂಗಳಿಗೆ 10,000 ರೂಪಾಯಿ. ನಮ್ಮಲ್ಲಿ ಅಣ್ಣ ಐದು ಸಾವಿರ, ನಾನು ಮೂರು ಸಾವಿರ ಎಂದು ಆದೇಶವಾಯಿತು. ಜಿಲ್ಲಾಧಿಕಾರಿಗಳ ಬಳಿ ಮೇಲ್ಮನವಿಗೆ 60 ದಿನವಿತ್ತು. "ಸಾಕು ಬಿಡಮ್ಮ" ಎಂದು ಅಪ್ಪ ನನ್ನ ಜೊತೆ ಬಂದುಬಿಟ್ಟರು.

ಹಿರಿಯರನ್ನು ಕೂರಿಸುವ ಮಾತನ್ನು ನಾನು ಒಪ್ಪುವುದಿಲ್ಲ. ನಾವೂ ಕೂರಿಸಿದೆವು: ಸೋದರಮಾವ, ಊರಿನ ಇಬ್ಬರು, ಎಲೆ ಅಡಿಕೆ, ಕಾಫಿ. ಅಣ್ಣ ಎಲ್ಲದಕ್ಕೂ ತಲೆಯಾಡಿಸಿದ. ಯಾರೂ ಏನನ್ನೂ ಬರೆದಿಡಲಿಲ್ಲ. ಎರಡೇ ವಾರಕ್ಕೆ ಅಪ್ಪನ ಮಂಚ ಹಿಂದಿನ ಕೊಟ್ಟಿಗೆಗೆ ಹೋಯಿತು. ರಾಜಿಯೇ ಬೇಕಿದ್ದರೆ ಅರ್ಜಿ ಕೊಟ್ಟ ಮೇಲೆ ಆಗಲಿ. ನ್ಯಾಯಮಂಡಳಿಯೇ ವಿಚಾರಣೆಗೆ ಮೊದಲು ಸಂಧಾನಾಧಿಕಾರಿಗೆ ಒಪ್ಪಿಸಬಹುದು, ಅವರಿಗೆ ಒಂದು ತಿಂಗಳ ಗಡುವಿದೆ, ಅಲ್ಲಿ ಒಪ್ಪಿದ್ದು ಆದೇಶವಾಗುತ್ತದೆ. ಮನೆತನದ ಮಾನ ಹೋಗುತ್ತದೆ ಎನ್ನುವವರು ಆ ಅರ್ಧ ಮುದ್ದೆಯನ್ನು ನೋಡಿಲ್ಲ.

ಅರ್ಜಿ ಬರೆಯಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ನ್ಯಾಯಾಲಯದ ಆವರಣದಲ್ಲೇ ಇರುತ್ತದೆ. ನಿಮ್ಮ ತಾಯಿ ಹೆಣ್ಣಾದ್ದರಿಂದ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿಗೆ ಅರ್ಹರು. ಫೋನಿನಲ್ಲಾದರೆ ಕಾನೂನು ನೆರವಿಗೆ 15100, ಹಿರಿಯರ ಸಹಾಯವಾಣಿ 14567. ಜೀವಕ್ಕೆ ಅಪಾಯವಿದ್ದರೆ ಇವೆರಡೂ ಬೇಡ, ನೇರ 112.

ಮನೆ ಹೋಯಿತೆಂದು ಮಾತ್ರ ಈಗಲೇ ಕೈಬಿಡಬೇಡಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ, ಮಗ ಬರೆದುಕೊಟ್ಟಿದ್ದ ವಚನಪತ್ರವನ್ನೂ ದಾನಪತ್ರದ ಜೊತೆಗಿಟ್ಟು ಓದಿ, ದಾನಪತ್ರ ರದ್ದಾದದ್ದನ್ನು ಎತ್ತಿಹಿಡಿಯಿತು. ನಿಮ್ಮ ಅಣ್ಣ ಆ ದಿನಗಳಲ್ಲಿ "ಅಮ್ಮನನ್ನು ನಾನು ನೋಡಿಕೊಳ್ಳುತ್ತೇನೆ" ಎಂದು ಕಳಿಸಿದ ಒಂದು ವಾಟ್ಸ್ಆ್ಯಪ್ ಸಂದೇಶವಿದ್ದರೂ ಅಳಿಸದೆ ಇಟ್ಟುಕೊಳ್ಳಿ. ಸೋಮವಾರವೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಪತ್ರದ ದೃಢೀಕೃತ ನಕಲು ತೆಗೆಸಿ. ಚಕ್ಕುಬಂದಿಯ, ಅಂದರೆ ಆಸ್ತಿಯ ನಾಲ್ಕು ದಿಕ್ಕಿನ ಗಡಿ ಬರೆದಿರುವ, ಷೆಡ್ಯೂಲು ಶುರುವಾಗುವುದಕ್ಕೆ ಮುಂಚಿನ ಪುಟವನ್ನು ಮೊದಲು ಓದಿ. ಷರತ್ತು ಬರೆಸಿದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.