ಫ್ರೇಮ್ ದರ ಬೇರೆಯಿರುವ ವಿಡಿಯೊಗೆ ಇನ್ನೊಂದು ಪ್ರತಿಯ ಧ್ವನಿಯನ್ನು ಹೊಂದಿಸುವುದು ಹೇಗೆ?

ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಚಿತ್ರೀಕರಿಸಿದ ಪೌರಾಣಿಕ ನಾಟಕದ ಮೂಲ ವಿಡಿಯೊ ಸೆಕೆಂಡಿಗೆ 23.976 ಫ್ರೇಮ್‌ಗಳದ್ದಾಗಿದ್ದು (ಫ್ರೇಮ್ ಎಂದರೆ ವಿಡಿಯೊದ ಒಂದೊಂದು ಬಿಡಿ ಚಿತ್ರ), ಅದಕ್ಕೆ 25 ಫ್ರೇಮ್‌ಗಳ ಡಿವಿಡಿಯಲ್ಲಿರುವ ಸ್ವಚ್ಛವಾದ ಧ್ವನಿಯನ್ನು ಜೋಡಿಸಬೇಕೆಂದು ಕೇಳಿದ್ದೀರಿ.

ಮೊದಲು ಎರಡೂ ಪ್ರತಿಗಳ ಅವಧಿಯನ್ನು ಹೋಲಿಸಿ ನೋಡಿ. ಫ್ರೇಮ್ ದರ ಬೇರೆಯಾದ ಮಾತ್ರಕ್ಕೆ ಧ್ವನಿಯ ವೇಗವೂ ಬೇರೆಯಾಗಿರಬೇಕೆಂದಿಲ್ಲ. ಒಂದೇ ಪ್ರದರ್ಶನವನ್ನು ಎರಡು ಕ್ಯಾಮೆರಾಗಳು ಬೇರೆ ಬೇರೆ ದರದಲ್ಲಿ ಸೆರೆಹಿಡಿದಿದ್ದರೆ ಅವಧಿ ಸಮನಾಗಿರುತ್ತದೆ, ಆರಂಭದ ಬಿಂದುವನ್ನು ಸರಿಸಿದರೆ ಸಾಕಾಗುತ್ತದೆ. ಬಹಳಷ್ಟು ಜನ ಇಲ್ಲಿಯೇ ಅನಗತ್ಯವಾಗಿ ವೇಗ ಬದಲಿಸಿ ಕೆಡಿಸಿಕೊಳ್ಳುತ್ತಾರೆ. ಆದರೆ ಮೂಲದಲ್ಲಿ 120 ನಿಮಿಷವಿರುವ ನಾಟಕ ಯಾವ ದೃಶ್ಯವೂ ಕತ್ತರಿಯಾಗದೆ ಡಿವಿಡಿಯಲ್ಲಿ ಸುಮಾರು 115 ನಿಮಿಷಕ್ಕೆ ಮುಗಿಯುತ್ತಿದ್ದರೆ, ಅವೇ ಫ್ರೇಮ್‌ಗಳನ್ನು ವೇಗವಾಗಿ ಓಡಿಸಲಾಗಿದೆ ಎಂದರ್ಥ. ಆಗ ಡಿವಿಡಿಯ ಧ್ವನಿಯನ್ನು 23.976 ÷ 25, ಅಂದರೆ 0.95904ರಷ್ಟು ವೇಗಕ್ಕೆ ಇಳಿಸಬೇಕು.

ಇಳಿಸುವ ಬಗೆಯನ್ನು ಶ್ರುತಿಯೇ ತಿಳಿಸುತ್ತದೆ. ಹಾರ್ಮೋನಿಯಂನ ಒಂದೇ ಸ್ವರವನ್ನು ಎರಡೂ ಪ್ರತಿಗಳಲ್ಲಿ ಕೇಳಿ: ಡಿವಿಡಿಯಲ್ಲಿ ಅದು ಅರ್ಧಸ್ವರಕ್ಕಿಂತ ತುಸು ಕಡಿಮೆ ಏರಿದ್ದರೆ, ಧ್ವನಿ ಸಂಪಾದನೆಯ ತಂತ್ರಾಂಶವಾದ ಆಡಾಸಿಟಿಯಲ್ಲಿ ಶ್ರುತಿಯೂ ಜೊತೆಗೆ ಇಳಿಯುವಂತೆ ವೇಗವನ್ನು ತಗ್ಗಿಸಿ. ಶ್ರುತಿ ಒಂದೇ ಆಗಿದ್ದರೆ, ಶ್ರುತಿಯನ್ನು ಮುಟ್ಟದೆ ವೇಗವನ್ನಷ್ಟೇ ಬದಲಿಸುವ ‘ಚೇಂಜ್ ಟೆಂಪೊ’ ಆಯ್ದು ಶೇಕಡಾ −4.096 ಎಂದು ಕೊಡಿ.

ಬಳಿಕ ಆರಂಭದ ತಬಲಾ ಪೆಟ್ಟೊಂದನ್ನು ಚಿತ್ರಕ್ಕೆ ಕೂಡಿಸಿ, ಮಂಗಳದ ಹೊತ್ತಿನ ಪೆಟ್ಟನ್ನು ಪರೀಕ್ಷಿಸಿ. ವ್ಯತ್ಯಾಸ ಕ್ರಮೇಣ ಬೆಳೆದಿದ್ದರೆ ಅನುಪಾತ ತಪ್ಪಿದೆ. ನಡುವೆ ಒಮ್ಮೆಲೇ ಜಿಗಿದಿದ್ದರೆ ಅಲ್ಲಿ ಕತ್ತರಿ ಬಿದ್ದಿದೆ, ಆ ಭಾಗವನ್ನು ಪ್ರತ್ಯೇಕವಾಗಿ ಸರಿಸಬೇಕಾಗುತ್ತದೆ.