ಆಗ್ನೆಸ್ ಬೇಕರ್‌ಳ ಒಂಟಿ ಆಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ರಾತ್ರಿ ಊಟವಾದ ಮೇಲೆ ಒಬ್ಬನೇ ಕೂತು ‘ಅರ್ಕಮ್ ಹಾರರ್: ದ ಕಾರ್ಡ್ ಗೇಮ್’ ಆಡುವುದು ನನ್ನ ಅಭ್ಯಾಸ. ಆಗ್ನೆಸ್ ಬೇಕರ್ ಪಾತ್ರಕ್ಕೆ ಕಾರ್ಡುಗಳ ಒಂದು ಡೆಕ್ ಕಟ್ಟಿಕೊಂಡಿದ್ದೇನೆ. ತನ್ನ ಮೇಲೆ ಭೀತಿ ತಂದುಕೊಂಡು ಅದರಿಂದಲೇ ಶತ್ರುವಿಗೆ ಪೆಟ್ಟು ಕೊಡುವ ಅವಳ ಗುಣ ನನಗೆ ಬಹಳ ಇಷ್ಟ. ಕಾರ್ಡ್ ಆಡಲು ತೆರಬೇಕಾದ ರಿಸೋರ್ಸ್ ಸಾಲದೆ ಬರುವುದರಿಂದ ಆಟ ಶುರುವಾದ ಕೂಡಲೇ ‘ಫರ್ಬಿಡನ್ ನಾಲೆಡ್ಜ್’ ಕಾರ್ಡನ್ನು ಪ್ರತಿ ಸುತ್ತಿನಲ್ಲೂ ಬಳಸಿ ಖಾಲಿ ಮಾಡುತ್ತೇನೆ. ಮೊದಲ ಅಧ್ಯಾಯವಾದ ‘ದ ಗ್ಯಾದರಿಂಗ್’ ಅನ್ನು ನಾಲ್ಕು ಸಲ ಆಡಿ ಮೂರು ಸಲ ಸೋತಿದ್ದೇನೆ. ಕೊನೆಯ ದೊಡ್ಡ ಶತ್ರುವಾದ ಗೂಲ್ ಪ್ರೀಸ್ಟ್ ಎದುರಾಗುವ ಹೊತ್ತಿಗೆ ಅವಳಲ್ಲಿ ತ್ರಾಣವೇ ಉಳಿದಿರುವುದಿಲ್ಲ. ಈ ಅಪಾಯದ ದಾರಿಯನ್ನು ಬಿಟ್ಟು ಸುರಕ್ಷಿತವಾದ ಬೇರೆ ಡೆಕ್ ಕಟ್ಟಬೇಕೇ?
– ಓದುಗರು, ಶಿವಮೊಗ್ಗ

ಉತ್ತರ: ಬಿಡಬೇಡಿ. ನಿಮ್ಮ ಡೆಕ್‌ನಲ್ಲಿ ದೋಷವಿಲ್ಲ. ಭೀತಿಯನ್ನು ಯಾವಾಗ ಖರ್ಚು ಮಾಡುತ್ತೀರಿ ಎಂಬಲ್ಲಿ ದೋಷವಿದೆ, ಮತ್ತು ಅದನ್ನು ತಿದ್ದಿಕೊಳ್ಳುವುದು ಕಷ್ಟವಲ್ಲ.

ಈ ಆಟವನ್ನು ನೋಡದ ಓದುಗರಿಗಾಗಿ ಎರಡು ಮಾತು. ನೇಟ್ ಫ್ರೆಂಚ್ ಮತ್ತು ಎಂ.ಜೆ. ನ್ಯೂಮನ್ ರೂಪಿಸಿ, ಫ್ಯಾಂಟಸಿ ಫ್ಲೈಟ್ ಗೇಮ್ಸ್ 2016ರಲ್ಲಿ ಹೊರತಂದ ಈ ಆಟದಲ್ಲಿ ಆಟಗಾರರು ಪರಸ್ಪರ ಎದುರಾಳಿಗಳಲ್ಲ. ಎಲ್ಲರೂ ಒಂದೇ ಪಕ್ಷದಲ್ಲಿ ನಿಂತು ಆಟದ ವಿರುದ್ಧ ಆಡುತ್ತಾರೆ, ಆದ್ದರಿಂದ ಒಬ್ಬರೇ ಕೂತು ಆಡಲೂ ಅಡ್ಡಿಯಿಲ್ಲ. ಸುಳಿವುಗಳನ್ನು ಹುಡುಕಬೇಕು, ಬಂದ ಶತ್ರುವನ್ನು ಎದುರಿಸಬೇಕು, ಪ್ರತಿ ಸುತ್ತಿಗೂ ಒಂದೊಂದಾಗಿ ಏರುವ ಡೂಮ್ ಎಂಬ ವಿನಾಶದ ಎಣಿಕೆ ತುಂಬುವುದರೊಳಗೆ ಕೆಲಸ ಮುಗಿಸಬೇಕು. ಪ್ರತಿ ಪರೀಕ್ಷೆಗೂ ಚೀಲದೊಳಗೆ ಕೈ ಹಾಕಿ ಒಂದು ಟೋಕನ್ ತೆಗೆದು, ಅದರ ಅಂಕವನ್ನು ನಿಮ್ಮ ಅಂಕಕ್ಕೆ ಸೇರಿಸಬೇಕಾಗಿದ್ದು, ಅದೃಷ್ಟದ ಪಾಲು ಇರುವುದು ಅಲ್ಲಿಯೇ.

ಆಗ್ನೆಸ್‌ಳ ಮನೋಬಲ 5, ಬುದ್ಧಿ 2, ಕಾದಾಟ 2, ಚುರುಕು 3. ಅವಳು 6 ಗಾಯಗಳಿಗೆ ಅಥವಾ 8 ಭೀತಿಗಳಿಗೆ ಉರುಳುತ್ತಾಳೆ. ಅವಳ ಮೇಲೆ ಭೀತಿ ಬಿದ್ದಾಗ, ಅದೇ ಸ್ಥಳದಲ್ಲಿರುವ ಒಬ್ಬ ಶತ್ರುವಿಗೆ 1 ಗಾಯ ಮಾಡಬಹುದು. ಆದರೆ ಒಂದು ಘಟ್ಟದಲ್ಲಿ, ಅಂದರೆ ಸುತ್ತಿನ ಒಂದು ಹಂತದಲ್ಲಿ, ಒಂದೇ ಸಲ. ಈ ಕೊನೆಯ ಷರತ್ತನ್ನು ಎರಡು ಸಲ ಓದಿ. ಒಂದೇ ಘಟ್ಟದಲ್ಲಿ ಬಂದ ಎರಡನೆಯ ಭೀತಿ ಏನನ್ನೂ ಕೊಡದೆ ಮೈಮೇಲೆ ಉಳಿಯುತ್ತದೆ. ಎದುರಿಗೆ ಶತ್ರುವೇ ಇಲ್ಲದಾಗ ಬಂದ ಭೀತಿಯೂ ಹಾಗೆಯೇ.

ಈಗ ನಿಮ್ಮ ಆಟಕ್ಕೆ ಬರೋಣ. ಫರ್ಬಿಡನ್ ನಾಲೆಡ್ಜ್‌ನಲ್ಲಿ ನಾಲ್ಕು ಗುಟ್ಟುಗಳಿರುತ್ತವೆ. 1 ಭೀತಿ ಕೊಟ್ಟು ಒಂದೊಂದನ್ನೇ ರಿಸೋರ್ಸ್ ಆಗಿ ಪಡೆಯಬೇಕು. ಮೊದಲ ಸುತ್ತುಗಳಲ್ಲಿ, ಮನೆಯ ಕೋಣೆಗಳಲ್ಲಿ ಒಂದು ಪಿಶಾಚಿಯೂ ಇಲ್ಲದಿರುವಾಗ, ನೀವು ನಾಲ್ಕನ್ನೂ ತೆಗೆದುಬಿಟ್ಟಿದ್ದೀರಿ. ಎಂಟು ಭೀತಿಯ ಬಂಡವಾಳದಲ್ಲಿ ಅರ್ಧವನ್ನು ನಾಲ್ಕು ರಿಸೋರ್ಸ್‌ಗೆ ಮಾರಿದ ಹಾಗಾಯಿತು. ಅದೇ ಕಾರ್ಡನ್ನು ಬೇಗನೆ ಮೇಜಿನ ಮೇಲಿಟ್ಟು, ಶತ್ರು ಮೈಮೇಲೆ ಬಿದ್ದಾಗ ಮಾತ್ರ ಬಳಸಿದರೆ ಪ್ರತಿ ಭೀತಿಗೂ ಒಂದು ರಿಸೋರ್ಸ್ ಮತ್ತು ಒಂದು ಪೆಟ್ಟು ಎರಡೂ ಸಿಗುತ್ತವೆ. ಬೇಗನೆ ಇಡಬೇಕು ಎಂದದ್ದಕ್ಕೆ ಕಾರಣವಿದೆ. ಶತ್ರು ಹಿಡಿದುಕೊಂಡಿರುವಾಗ ಕೈಯಿಂದ ಕಾರ್ಡ್ ಇಳಿಸಲು ಹೋದರೆ ಆ ಶತ್ರು ಸಂದು ನೋಡಿ ಹೊಡೆಯುತ್ತದೆ, ಆದರೆ ಮೊದಲೇ ಮೇಜಿನ ಮೇಲಿರುವ ಈ ಕಾರ್ಡಿನ ಉಪಯೋಗಕ್ಕೆ ಆಕ್ಷನ್ (ಸರದಿಯಲ್ಲಿ ಮಾಡಬಹುದಾದ ಮೂರು ಕೆಲಸಗಳಲ್ಲಿ ಒಂದು) ಬೇಕಿಲ್ಲ, ಆದ್ದರಿಂದ ಅಂಥ ಹೊಡೆತವೂ ಬೀಳುವುದಿಲ್ಲ.

ಇದರ ಬೆಲೆ ಒಂಟಿ ಆಟದಲ್ಲಿ ಇನ್ನೂ ಹೆಚ್ಚು. ಗೂಲ್ ಪ್ರೀಸ್ಟ್‌ನ ಜೀವ ಆಟಗಾರರೊಬ್ಬರಿಗೆ 5ರಂತೆ ಏರುತ್ತದೆ. ನಾಲ್ವರು ಆಡುವಾಗ ಅವನಿಗೆ 20 ಜೀವ. ಅಲ್ಲಿ ಆಗ್ನೆಸ್‌ಳ ಒಂದು ಪೆಟ್ಟು ಇಪ್ಪತ್ತರಲ್ಲಿ ಒಂದು ಪಾಲು. ನೀವು ಒಬ್ಬರೇ ಆಡುವಾಗ ಅದು ಐದರಲ್ಲಿ ಒಂದು ಪಾಲು. ಆಟಗಾರರ ಸಂಖ್ಯೆಗೆ ತಕ್ಕಂತೆ ಏರದ, ಕಾರ್ಡಿನ ಮೇಲೆ ಸ್ಥಿರವಾಗಿ ಅಚ್ಚಾಗಿರುವ ಸಂಖ್ಯೆಗಳೆಲ್ಲ ಒಂಟಿ ಆಟಗಾರನ ಕೈಯಲ್ಲಿ ದೊಡ್ಡದಾಗುತ್ತವೆ.

ಆ ಕೊನೆಯ ಕಾಳಗವನ್ನು ಹತ್ತಿರದಿಂದ ನೋಡೋಣ. ಮೂರು ಸುಳಿವುಗಳನ್ನು ಕೂಡಿಸಿಕೊಂಡು ಮನೆಯ ಓಣಿಯಾದ ಹಾಲ್‌ವೇಗೆ ಬಂದರೆ, ಸುತ್ತಿನ ಕೊನೆಗೆ ಅವನ್ನು ಕೊಟ್ಟು ಕಥೆಯನ್ನು ಮುಂದಕ್ಕೆ ಒಯ್ಯಬಹುದು. ಆಗಲೇ ಗೂಲ್ ಪ್ರೀಸ್ಟ್ ಕಾಣಿಸಿಕೊಳ್ಳುವುದು. ಕೊಡಲೇಬೇಕೆಂಬ ಕಡ್ಡಾಯವಿಲ್ಲ, ಕೊಡಬಹುದು ಅಷ್ಟೆ. ಅಂದರೆ ಅವನನ್ನು ಕರೆಯುವ ಗಳಿಗೆ ನಿಮ್ಮ ಕೈಯಲ್ಲಿದೆ. ಶತ್ರುಗಳು ಹೊಡೆಯುವ ಘಟ್ಟ ಮುಗಿದ ಮೇಲೆ ಅವನು ಬರುವುದರಿಂದ ಮೊದಲ ಏಟು ಹೊಡೆಯುವ ಅವಕಾಶವೂ ನಿಮ್ಮದೇ. ‘ಶ್ರಿವೆಲಿಂಗ್’ ಮಂತ್ರ ಮೇಜಿನ ಮೇಲಿದ್ದು, ‘ಹೋಲಿ ರೋಸರಿ’ ಕೊರಳಲ್ಲಿದ್ದರೆ ಮನೋಬಲ 6. ಅವನ ಕಾದಾಟದ ಅಂಕ 4. ಸ್ಟ್ಯಾಂಡರ್ಡ್ ಮಟ್ಟದ ಚೀಲದಲ್ಲಿ 16 ಟೋಕನ್‌ಗಳಿರುತ್ತವೆ. ಅಲ್ಲಿ ಬೇರೆ ಪಿಶಾಚಿ ಇಲ್ಲದಿದ್ದರೆ ನಿಮ್ಮನ್ನು ಸೋಲಿಸುವವು ಮೂರೇ: −3, −4 ಮತ್ತು ತಾನಾಗಿ ಸೋಲಿಸುವ ಟೋಕನ್. ರೋಸರಿ ಇಲ್ಲದಿದ್ದರೆ ಸೋಲಿಸುವವು ಆರಾಗುತ್ತವೆ. ಶ್ರಿವೆಲಿಂಗ್‌ನ ಒಂದು ಪೆಟ್ಟು 2 ಗಾಯ ಮಾಡುತ್ತದೆ. ಎರಡು ಪೆಟ್ಟು ತಗುಲಿ, ಫರ್ಬಿಡನ್ ನಾಲೆಡ್ಜ್‌ನಿಂದ ಒಂದು ಭೀತಿ ತೆಗೆದುಕೊಂಡರೆ ಸರಿಯಾಗಿ ಐದು. ಮೂರು ಆಕ್ಷನ್‌ಗಳಲ್ಲಿ ಎರಡು ಪೆಟ್ಟಾದರೂ ತಗಲುವ ಸಾಧ್ಯತೆ ನೂರಕ್ಕೆ 90ರಷ್ಟಿದೆ. ರೋಸರಿ ಇಲ್ಲದೆ ಹೋದರೆ ಅದು 68ಕ್ಕೆ ಇಳಿಯುತ್ತದೆ. ನೀವು ಮೂರು ಸಲ ಸೋತದ್ದು ಬಹುಶಃ ಈ ಎರಡು ಅಂಕೆಗಳ ನಡುವಿನ ಅಂತರದಲ್ಲಿಯೇ.

ಇನ್ನೊಂದು ಎಚ್ಚರಿಕೆ. ನಿಮ್ಮ ಹೊಡೆತ ತಪ್ಪಿದರೆ ಗೂಲ್ ಪ್ರೀಸ್ಟ್ ತಿರುಗಿ ಹೊಡೆಯುತ್ತಾನೆ: 2 ಗಾಯ, 2 ಭೀತಿ. ಆದ್ದರಿಂದ ಮೈಮೇಲೆ 4ಕ್ಕಿಂತ ಹೆಚ್ಚು ಭೀತಿಯಾಗಲಿ, 3ಕ್ಕಿಂತ ಹೆಚ್ಚು ಗಾಯವಾಗಲಿ ಇರುವಾಗ ಅವನನ್ನು ಕರೆಯಬೇಡಿ. ಭೀತಿಯ ಲೆಕ್ಕವನ್ನು ಶ್ರದ್ಧೆಯಿಂದ ಇಡುವ ಆಗ್ನೆಸ್ ಆಟಗಾರರು ಗಾಯದ ಲೆಕ್ಕವನ್ನು ಮರೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ನಾನೂ ಮರೆತಿದ್ದೇನೆ. ಅಂದಿನಿಂದ ಭೀತಿಯ ಟೋಕನ್‌ಗಳನ್ನು ಕಾರ್ಡಿನ ಎಡ ಅಂಚಿಗೂ ಗಾಯದ ಟೋಕನ್‌ಗಳನ್ನು ಬಲ ಅಂಚಿಗೂ ಸಾಲಾಗಿ ಜೋಡಿಸುತ್ತೇನೆ. ರಾಶಿ ಹಾಕಿದರೆ ಕಣ್ಣು ಮೋಸ ಹೋಗುತ್ತದೆ.

ಪ್ರಶ್ನೆ: ಆಗ್ನೆಸ್‌ಳ ಬುದ್ಧಿ ಕೇವಲ 2. ಜೊತೆಗಾರರಿದ್ದರೆ ಸುಳಿವು ಹುಡುಕುವ ಕೆಲಸ ಅವರದಾಗುತ್ತದೆ. ಒಬ್ಬಳೇ ಇರುವಾಗ, ಅದರಲ್ಲೂ ನೆಲಮಾಳಿಗೆಯಲ್ಲಿ, ಏನು ಮಾಡುವುದು?
– ಓದುಗರು, ಹುಬ್ಬಳ್ಳಿ

ಉತ್ತರ: ಅಟ್ಟದ ಮುಸುಕು 1, ನೆಲಮಾಳಿಗೆಯ ಮುಸುಕು 4, ಒಂಟಿ ಆಟದಲ್ಲಿ ಎರಡರಲ್ಲೂ ಎರಡೆರಡು ಸುಳಿವುಗಳಿರುತ್ತವೆ. ಮುಸುಕು ಎಂದರೆ ಅಲ್ಲಿ ಸುಳಿವು ಹುಡುಕಲು ಮುಟ್ಟಬೇಕಾದ ಅಂಕ. ‘ಡ್ರಾನ್ ಟು ದ ಫ್ಲೇಮ್’ ಕಾರ್ಡ್ ಯಾವ ಪರೀಕ್ಷೆಯೂ ಇಲ್ಲದೆ 2 ಸುಳಿವು ಕೊಡುತ್ತದೆ. ಅದಕ್ಕೆ ಪ್ರತಿಯಾಗಿ ಶತ್ರುಗಳೂ ಅಪಾಯಗಳೂ ಇರುವ ಎನ್‌ಕೌಂಟರ್ ರಾಶಿಯಿಂದ ಒಂದು ಕಾರ್ಡ್ ಎತ್ತಬೇಕು. ಇದನ್ನು ಅಟ್ಟದಲ್ಲಿ ಬಳಸಿ ವ್ಯರ್ಥ ಮಾಡಬೇಡಿ, ನೆಲಮಾಳಿಗೆಗೆ ಇಟ್ಟುಕೊಳ್ಳಿ. ಒಂದೇ ಆಕ್ಷನ್‌ನಲ್ಲಿ ಅಲ್ಲಿರುವುದೆಲ್ಲ ನಿಮ್ಮದಾಗುತ್ತದೆ.

ಅದು ಕೈಗೆ ಬಾರದಿದ್ದರೆ ಇನ್ನೊಂದು ದಾರಿ ಇದೆ, ಇದು ನನಗೆ ಈ ಆಟದಲ್ಲಿ ಅತ್ಯಂತ ಪ್ರಿಯವಾದ ಜೋಡಣೆ. ‘ಫ್ಲ್ಯಾಶ್‌ಲೈಟ್’ ಬಳಸಿದರೆ ಮುಸುಕು 2 ಕಡಿಮೆಯಾಗುತ್ತದೆ. ನೆಲಮಾಳಿಗೆಯ 4 ಹೋಗಿ 2 ಆಗುತ್ತದೆ. ಕೈಯಲ್ಲಿ ಸರ್ವೈವರ್ ವರ್ಗದ ‘ಲುಕ್ ವಾಟ್ ಐ ಫೌಂಡ್’ ಇರಲಿ, ಅದನ್ನು ಆಡಲು 2 ರಿಸೋರ್ಸ್ ಇರಲಿ. ಹುಡುಕುವ ಪರೀಕ್ಷೆಯಲ್ಲಿ 2 ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತಾಗ ಈ ಕಾರ್ಡ್ 2 ಸುಳಿವು ಕೊಡುತ್ತದೆ. ಪರೀಕ್ಷೆಯಲ್ಲಿ ನಿಮ್ಮ ಅಂಕ ಎಷ್ಟೇ ಇಳಿದರೂ ಸೊನ್ನೆಗಿಂತ ಕೆಳಗೆ ಹೋಗುವುದಿಲ್ಲ ಎಂಬುದು ನಿಯಮ. ಆದ್ದರಿಂದ ಮುಸುಕು 2 ಇರುವ ಕಡೆ ನೀವು 2ಕ್ಕಿಂತ ಹೆಚ್ಚು ಅಂತರದಿಂದ ಸೋಲಲು ಸಾಧ್ಯವೇ ಇಲ್ಲ. −4 ಬಂದರೂ ಅಷ್ಟೆ, ತಾನಾಗಿ ಸೋಲಿಸುವ ಟೋಕನ್ ಬಂದರೂ ಅಷ್ಟೆ. ಗೆದ್ದರೆ ಒಂದು ಸುಳಿವು, ಸೋತರೆ ಎರಡು. ಎಲ್ಲರೂ ಹೆದರುವ ಟೋಕನ್ ಕೈಗೆ ಬಂದಾಗ ನೆಮ್ಮದಿಯಾಗುವ ಆ ಕ್ಷಣವನ್ನು ನೀವೂ ಒಮ್ಮೆ ಅನುಭವಿಸಬೇಕೆಂದು ನನ್ನ ಆಸೆ.

ಕಥೆ ಮುಂದಕ್ಕೆ ಹೋಗಲು ಮೂರು ಸುಳಿವು ಸಾಕು. ಆದರೂ ನಾಲ್ಕನೆಯದನ್ನು ಬಿಟ್ಟು ಬರಬೇಡಿ. ಸುಳಿವು ಉಳಿಯದ ಅಟ್ಟ ಮತ್ತು ನೆಲಮಾಳಿಗೆ ತಲಾ 1 ಅನುಭವದ ಅಂಕ ಕೊಡುತ್ತವೆ, ಗೂಲ್ ಪ್ರೀಸ್ಟ್ 2 ಕೊಡುತ್ತಾನೆ. ಇವಿಷ್ಟು ಸೇರಿದರೆ ‘ಗ್ರೊಟೆಸ್ಕ್ ಸ್ಟ್ಯಾಚ್ಯೂ’ ಕಾರ್ಡಿನ ಬೆಲೆಯಾದ 4 ಅಂಕ. ಎರಡು ಟೋಕನ್ ತೆಗೆದು ಬೇಕಾದದ್ದನ್ನು ಆರಿಸಿಕೊಳ್ಳಲು ಬಿಡುವ ಆ ಕಾರ್ಡ್‌ಗಿಂತ ಮೊದಲು ಬೇರೇನನ್ನೂ ಕೊಳ್ಳಬೇಡಿ ಎಂದೇ ಹೇಳುತ್ತೇನೆ.

ಪ್ರಶ್ನೆ: ಅವಳ ಸ್ವಂತ ದೌರ್ಬಲ್ಯವಾದ ‘ಡಾರ್ಕ್ ಮೆಮರಿ’ ಕೈಗೆ ಬಂದಾಗ ಆಡಿಬಿಡಬೇಕೋ, ಇಟ್ಟುಕೊಳ್ಳಬೇಕೋ? ಆಡಿದರೆ ಡೂಮ್ ಏರುತ್ತದೆ, ಇಟ್ಟುಕೊಂಡರೆ ಪ್ರತಿ ಸರದಿಯ ಕೊನೆಗೆ 2 ಭೀತಿ.
– ಓದುಗರು, ಮಂಗಳೂರು

ಉತ್ತರ: ಆಡಿಬಿಡಿ. ದ ಗ್ಯಾದರಿಂಗ್‌ನ ಮೂರು ಅಜೆಂಡಾಗಳು (ಡೂಮ್ ಎಣಿಸುವ ಕಾರ್ಡುಗಳು) 3, 7 ಮತ್ತು 10 ಡೂಮ್‌ಗೆ ಮುಗಿಯುತ್ತವೆ. ಮೊದಲ ಸುತ್ತಿನಲ್ಲಿ ಡೂಮ್ ಇಡುವುದಿಲ್ಲವಾದ್ದರಿಂದ, ಬೇರೆ ಅಡಚಣೆ ಬಾರದಿದ್ದರೆ ನಿಮಗೆ 20 ಸರದಿಗಳಿವೆ. ಒಂದು ಡೂಮ್ ಹೆಚ್ಚಾದರೆ ಇಪ್ಪತ್ತರಲ್ಲಿ ಒಂದು ಪಾಲು ಹೋಯಿತು. 2 ಭೀತಿ ಬಂದರೆ ಎಂಟರಲ್ಲಿ ಎರಡು, ಅಂದರೆ ಕಾಲು ಪಾಲು ಹೋಯಿತು. ಆಡಲು ಬೇಕಾದ 2 ರಿಸೋರ್ಸ್ ಮತ್ತು ಒಂದು ಆಕ್ಷನ್ ಸೇರಿಸಿದರೂ ಆಡುವುದೇ ಅಗ್ಗ.

ಒಂದು ಸಂದರ್ಭದಲ್ಲಿ ಮಾತ್ರ ಒಂದು ಸರದಿ ತಡೆಯಬಹುದು: 1 ಜೀವ ಉಳಿದ ಶತ್ರು ಹಿಡಿದುಕೊಂಡಿದ್ದು, ಆ ಸರದಿಯಲ್ಲಿ ಆಗ್ನೆಸ್‌ಳ ಪೆಟ್ಟನ್ನು ನೀವು ಇನ್ನೂ ಬಳಸದೆ ಇದ್ದಾಗ. ಸರದಿಯ ಕೊನೆಯ ಭೀತಿಯೇ ಆ ಶತ್ರುವನ್ನು ಮುಗಿಸುತ್ತದೆ. ಅದೇ ಸರದಿಯಲ್ಲಿ ಮೊದಲೇ ಫರ್ಬಿಡನ್ ನಾಲೆಡ್ಜ್ ಬಳಸಿ ಪೆಟ್ಟು ಕೊಟ್ಟಿದ್ದರೆ, ಘಟ್ಟ ಒಂದೇ ಆದ್ದರಿಂದ, ಮತ್ತೆ ಪೆಟ್ಟಿಲ್ಲ. ನೆನಪಿರಲಿ.

ಪ್ರಶ್ನೆ: ಭೀತಿಯನ್ನು ತಾನೇ ಬಯಸುವ ಡೆಕ್‌ಗೆ ‘ಪೀಟರ್ ಸಿಲ್ವೆಸ್ಟರ್’ನಂಥ, ಭೀತಿಯನ್ನು ತನ್ನ ಮೇಲೆ ಎಳೆದುಕೊಳ್ಳುವ ಸಂಗಾತಿ ಏಕೆ? ಎತ್ತಿದ ಅಪಾಯದ ಕಾರ್ಡನ್ನು ತಡೆಯುವ ‘ವಾರ್ಡ್ ಆಫ್ ಪ್ರೊಟೆಕ್ಷನ್’ ಅನ್ನು ಯಾವುದಕ್ಕೆ ಉಳಿಸಿಕೊಳ್ಳಬೇಕು?
– ಓದುಗರು, ತುಮಕೂರು

ಉತ್ತರ: ಪೀಟರ್ ಬೇಕು. ಒಟ್ಟಿಗೆ 3 ಭೀತಿ ಬಂದರೆ ಆಗ್ನೆಸ್‌ಗೆ ಉಪಯೋಗವಾಗುವುದು ಒಂದು ಮಾತ್ರ. ಆ ಒಂದನ್ನು ಅವಳ ಮೇಲಿಟ್ಟು, ಒಂದನ್ನು ಪೀಟರ್‌ಗೆ, ಇನ್ನೊಂದನ್ನು ರೋಸರಿಗೆ ಹಂಚಿ. ಪೀಟರ್ ನಿಮ್ಮ ಸರದಿಯ ಕೊನೆಗೆ ತನ್ನ ಮೇಲಿನ ಒಂದು ಭೀತಿಯನ್ನು ಗುಣಪಡಿಸಿಕೊಳ್ಳುತ್ತಾನೆ. ರೋಸರಿ ಎರಡನೆಯ ಭೀತಿಗೆ ಆಟದಿಂದ ಹೊರಬೀಳುವುದರಿಂದ ಅದಕ್ಕೆ ಒಂದಕ್ಕಿಂತ ಹೆಚ್ಚು ಹೊರಿಸಬೇಡಿ. ಎದುರಿಗೆ ಶತ್ರು ಇಲ್ಲದಿದ್ದರೆ ಆಗ್ನೆಸ್‌ಳ ಮೇಲೆ ಒಂದನ್ನೂ ಇಡದೆ ಪೀಟರ್‌ಗೇ ಕೊಡಿ.

ವಾರ್ಡ್ ಅನ್ನು ನಾನು ‘ಏನ್ಷಿಯಂಟ್ ಈವಿಲ್ಸ್’ ಮತ್ತು ‘ಕ್ರಿಪ್ಟ್ ಚಿಲ್’ಗೆ ಉಳಿಸಿಕೊಳ್ಳುತ್ತೇನೆ. ಮೊದಲನೆಯದು ಪರೀಕ್ಷೆಯೇ ಇಲ್ಲದೆ ಒಂದು ಡೂಮ್ ಏರಿಸುತ್ತದೆ. ಎರಡನೆಯದರಲ್ಲಿ ಸೋತರೆ ಮೇಜಿನ ಮೇಲಿನ ಒಂದು ಕಾರ್ಡ್ ಹೋಗುತ್ತದೆ. ‘ರಾಟಿಂಗ್ ರಿಮೇನ್ಸ್’ಗೆ ಬೇಡ; ಅದರ ಪರೀಕ್ಷೆ ಮನೋಬಲದ್ದು, ಅಂಕ 3, ಅದನ್ನು ಆಗ್ನೆಸ್ ತಾನೇ ನೋಡಿಕೊಳ್ಳುತ್ತಾಳೆ.

ಪ್ರಶ್ನೆ: ಎರಡನೆಯ ಅಧ್ಯಾಯ ‘ದ ಮಿಡ್‌ನೈಟ್ ಮಾಸ್ಕ್ಸ್’ನಲ್ಲಿ ಆರು ಮಂದಿ ಪಂಥದವರನ್ನು ಒಬ್ಬಳೇ ಹುಡುಕಿ ಹಿಡಿಯಲು ಸಾಧ್ಯವೇ?
– ಓದುಗರು, ಬೆಂಗಳೂರು

ಉತ್ತರ: ಆರೂ ಜನರ ಆಸೆ ಇಟ್ಟುಕೊಂಡು ಹೊರಡಬೇಡಿ. ಪಂಥದವರ ರಾಶಿಯಿಂದ ಒಬ್ಬರನ್ನು ಹೊರಗೆಳೆಯಲು ಒಂಟಿ ಆಟದಲ್ಲಿ 2 ಸುಳಿವು ಬೇಕು, ಅಂದರೆ ಒಂದು ಡ್ರಾನ್ ಟು ದ ಫ್ಲೇಮ್‌ಗೆ ಒಬ್ಬರು. ಹೊರಬಂದವರಲ್ಲಿ ಯಾರ ಜೊತೆ ಕಾದಾಡಬೇಕು, ಯಾರ ಜೊತೆ ಮಾತುಕತೆ ಮುಗಿಸಬೇಕು ಎಂಬುದನ್ನು ಕಾರ್ಡ್ ನೋಡಿ ನಿರ್ಧರಿಸಿ. ಪೀಟರ್ ವಾರನ್ 2 ಸುಳಿವು ಕೇಳುತ್ತಾನೆ. ಹರ್ಮನ್ ಕಾಲಿನ್ಸ್‌ಗೆ ಕೈಯಿಂದ ನಾಲ್ಕು ಕಾರ್ಡ್ ಬಿಡಬೇಕು, ಅದು ಒಂಟಿ ಆಟಗಾರನಿಗೆ ತುಂಬಾ ದುಬಾರಿ, ಅವನನ್ನು ಶ್ರಿವೆಲಿಂಗ್‌ಗೆ ಒಪ್ಪಿಸಿ. ವಿಕ್ಟೋರಿಯಾ ಡೆವರೊ 5 ರಿಸೋರ್ಸ್ ಕೊಟ್ಟರೆ ಒಲಿಯುತ್ತಾಳೆ. ಮೊದಲ ಪ್ರಶ್ನೆ ಕೇಳಿದ ಶಿವಮೊಗ್ಗದ ಓದುಗರು ಗಮನಿಸಬೇಕು: ಶತ್ರುಗಳ ಎದುರಿಗೆ ಒಂದೊಂದಾಗಿ ತೆಗೆದು ಜತನ ಮಾಡಿಟ್ಟ ಫರ್ಬಿಡನ್ ನಾಲೆಡ್ಜ್‌ನ ನಾಲ್ಕು ರಿಸೋರ್ಸ್‌ಗಳು ಕೈಯಲ್ಲಿದ್ದರೆ, ಆ ಐದಕ್ಕೆ ಇನ್ನು ಒಂದೇ ಬಾಕಿ.