ಕಪ್ಪು ಕಾರಿನ ಮೇಲೆ ಬಿಳಿ ಚುಕ್ಕಿ: ಸ್ಪ್ರಿಂಕ್ಲರ್ ಕಾಟಕ್ಕೆ ಏನ್ ಮಾಡೋದು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಸರ್ಜಾಪುರ ರಸ್ತೆ ಕಡೆ ಅಪಾರ್ಟ್‌ಮೆಂಟು, ನಮಗೆ ಸಿಕ್ಕಿರೋ ಪಾರ್ಕಿಂಗ್ ಲಾನ್ ಪಕ್ಕದಲ್ಲೇ, ಮೇಲೆ ಶೀಟೂ ಇಲ್ಲ. ಬೆಳಗ್ಗೆ ಐದೂವರೆಗೆ ಸ್ಪ್ರಿಂಕ್ಲರ್ ಆನ್ ಆಗತ್ತೆ, ಒಂದೊಂದು ಸುತ್ತಿಗೂ ನಮ್ಮ ಕಾರಿಗೊಂದು ಅಭಿಷೇಕ. ಎರಡು ವರ್ಷದ ಕಪ್ಪು ಗಾಡಿ, ಈಗ ಎಡಗಡೆ ಡೋರು, ಬಾನೆಟ್ಟು ಎಲ್ಲಾ ಬಿಳಿ ಬಿಳಿ ಚುಕ್ಕಿ. ಗಾಡಿ ಒರೆಸೋ ಹುಡುಗ ದಿನಾ ಒರೆಸ್ತಾನೆ, ಹೋಗ್ತಾ ಇಲ್ಲ. ಪಾಲಿಶ್ ಅಂಗಡಿಯವರು 8000 ಕೇಳ್ತಿದಾರೆ. ಪೇಂಟೇ ಹೋಯ್ತಾ, ಇಲ್ಲ ಬರೀ ಕಲೆನಾ?

ಉತ್ತರ: 8000 ಈಗಲೇ ಕೊಡ್ಬೇಡಿ ಸರ್. ಕೊಟ್ಟು ಪಾಲಿಶ್ ಮಾಡಿಸ್ಕೊಂಡು ಬಂದು ಅದೇ ಜಾಗದಲ್ಲಿ ನಿಲ್ಲಿಸಿದ್ರೆ ಒಂದೇ ತಿಂಗಳಿಗೆ ವಾಪಸ್ ಅದೇ ಚುಕ್ಕಿ.

ಆ ಬಿಳಿ ಚುಕ್ಕಿ ಏನು ಅಂದ್ರೆ ಸುಣ್ಣ. ಗೀಸರ್ ಕಾಯಿಲ್ ಮೇಲೆ, ಬಚ್ಚಲು ನಲ್ಲಿ ಬಾಯಲ್ಲಿ ಕಟ್ಟತ್ತಲ್ಲ, ಅದೇ. ಬೋರ್ ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಕರಗಿಕೊಂಡಿರತ್ತೆ, ನೀರು ಆವಿಯಾಗಿ ಹೋಗತ್ತೆ, ಅವು ಮಾತ್ರ ಗಾಡಿ ಮೇಲೇ ಉಳ್ಕೊಳ್ತವೆ. ಹತ್ರದಿಂದ ನೋಡಿ, ಚುಕ್ಕಿ ಪೂರ್ತಿ ಬಿಳಿ ಇರಲ್ಲ, ಅಂಚಲ್ಲಿ ದಪ್ಪ, ಮಧ್ಯ ಖಾಲಿ, ಟೀ ಲೋಟ ಇಟ್ಟ ಜಾಗದಲ್ಲಿ ಉಂಗುರ ಬೀಳತ್ತಲ್ಲ ಹಾಗೆ. ಹನಿ ಒಣಗುವಾಗ ಉಪ್ಪೆಲ್ಲ ಅಂಚಿಗೆ ಹೋಗಿ ಸೇರತ್ತೆ, ಅದಕ್ಕೆ.

ನಿಮ್ಮ ಅಪಾರ್ಟ್‌ಮೆಂಟಲ್ಲಿ ಲಾನ್‌ಗೆ ಹಾಕೋದು ಎಸ್‌ಟಿಪಿ ನೀರೇ (ಅಂದ್ರೆ ಮನೆಗಳ ಕೊಳಚೆ ನೀರನ್ನ ಶುದ್ಧ ಮಾಡಿದ್ದು) ಇರ್ಬೇಕು, ಆ ಕಡೆ ಸುಮಾರು ಕಡೆ ಹಂಗೇ. ಎಸ್‌ಟಿಪಿ ಕೊಳೆ ತೆಗೆಯತ್ತೆ, ಕರಗಿರೋ ಉಪ್ಪನ್ನ ತೆಗೆಯಲ್ಲ, ಮನೆಗಳಲ್ಲಿ ಸೋಪು ಡಿಟರ್ಜೆಂಟು ಸೇರಿ ಮೂಲ ನೀರಿಗಿಂತ ಇನ್ನೂ ಜಾಸ್ತಿನೇ ಇರತ್ತೆ. ನೀರಲ್ಲಿ ಉಪ್ಪು ಎಷ್ಟು ಕರಗಿದೆ (ಟಿಡಿಎಸ್) ಅಂತ ತೋರಿಸೋ ಪೆನ್ ತರದ ಮೀಟರ್ ಕೆಲವು ನೂರು ರೂಪಾಯಿಗೆ ಸಿಗತ್ತೆ, ಅದ್ದಿ ನೋಡಿ. 800 ತೋರಿಸ್ತು ಅಂದ್ಕೊಳ್ಳಿ, ಲೀಟರಿಗೆ ಹೆಚ್ಚುಕಮ್ಮಿ 0.8 ಗ್ರಾಂ. ದಿನಾ ಕಾಲು ಲೀಟರ್ ನಿಮ್ಮ ಗಾಡಿ ಮೇಲೇ ಒಣಗಿದ್ರೆ 0.2 ಗ್ರಾಂ, ತಿಂಗಳಿಗೆ 6 ಗ್ರಾಂ. ಒಂದು ಟೀ ಚಮಚ ಪುಡಿಯನ್ನ ನೀವೇ ಕೈಯಾರೆ ಬಾನೆಟ್ ಮೇಲೆ ಉದುರಿಸಿ ಬಿಸಿಲಿಗಿಟ್ಟ ಹಾಗೆ.

ಹಾಗಾಗಿ ಮೊದಲ ಕೆಲಸ ಸ್ಪ್ರಿಂಕ್ಲರ್ ಬಾಯಿ ತಿರುಗಿಸೋದು. ಟಕ್ ಟಕ್ ಅಂತ ಹೊಡ್ಕೊಂಡು ತಿರುಗೋ ಹಳೇ ಮಾದರಿ ಆದ್ರೆ ಅದರ ಕತ್ತಿನ ಹತ್ರ ತಂತಿ ಬಳೆ ತರದ್ದು ಎರಡು ಇರತ್ತೆ, ಅವನ್ನ ಜರುಗಿಸಿದ್ರೆ ಎಲ್ಲಿಂದ ಎಲ್ಲಿವರೆಗೆ ತಿರುಗ್ಬೇಕು ಅನ್ನೋದು ಸೆಟ್ ಆಗತ್ತೆ. ನೆಲದಿಂದ ಮೇಲೆದ್ದು ಬರೋದಾದ್ರೆ ತಲೆ ಮೇಲೆ ಒಂದು ಸಣ್ಣ ಸ್ಕ್ರೂ ಇರತ್ತೆ, ಅದನ್ನ ಬಿಗಿ ಮಾಡಿದ್ರೆ ನೀರು ಅಷ್ಟು ದೂರ ಹಾರಲ್ಲ. ಹತ್ತು ನಿಮಿಷದ ಕೆಲಸ, ಮಾಲಿಗೆ ಗೊತ್ತಿರತ್ತೆ, ಆದ್ರೆ ಯಾರೂ ಅವನ ಹತ್ರ ಹೇಳಿರಲ್ಲ, ಅಸೋಸಿಯೇಶನ್ ವಾಟ್ಸಾಪ್ ಗ್ರೂಪಲ್ಲಿ ಮಾತ್ರ ನೂರು ಮೆಸೇಜ್ ಬಿದ್ದಿರತ್ತೆ. ಪ್ರೆಶರ್ ಜಾಸ್ತಿ ಇದ್ರೂ ನೀರು ಹೊಗೆ ತರ ಆಗಿ ಗಾಳಿಗೆ ತೇಲಿ ಬರತ್ತೆ, ವಾಲ್ವ್ ಸ್ವಲ್ಪ ಕಮ್ಮಿ ಮಾಡಿಸಿ. ಟೈಮ್ ಬದಲಾಯಿಸಿದ್ರೆ ಸಾಕಲ್ವಾ ಅಂತ ಕೇಳ್ತಾರೆ, ಅದರಿಂದ ಪೂರ್ತಿ ಉಪಯೋಗ ಇಲ್ಲ, ರಾತ್ರಿ ಹಾಕಿದ್ರೂ ಬೆಳಗ್ಗೆ ಬಿಸಿಲಿಗೇ ಒಣಗೋದು.

ಆಮೇಲೆ ಆ ಹುಡುಗ. ಅವನು ಎಂಟು ಗಂಟೆಗೆ ಬಂದು ಒಣ ಬಟ್ಟೇಲಿ ಉಜ್ಜುತ್ತಿದ್ರೆ ಅದು ಕಲೆಗಿಂತ ದೊಡ್ಡ ತೊಂದ್ರೆ, ಧೂಳು ಮತ್ತೆ ಸುಣ್ಣ ಸೇರಿ ಉಪ್ಪುಕಾಗದ ಇದ್ದ ಹಾಗೆ. ಬಿಸಿಲಿಗೆ ನಿಂತು ನೋಡಿ, ಜೇಡರ ಬಲೆ ತರ ಗೀರು ಕಾಣ್ತಿದ್ರೆ ಅವು ಅವನ ಕೊಡುಗೆ. ಆರು ಗಂಟೆಗೆ ಬಾ ಅಂತ ಹೇಳಿ, ಹನಿ ಇನ್ನೂ ಹಸಿ ಇದ್ದಾಗಲೇ ಮೊದಲು ಒಂದು ಬಕೆಟ್ ಒಳ್ಳೆ ನೀರು ಹುಯ್ದು ಆಮೇಲೆ ಮೈಕ್ರೋಫೈಬರ್ ಬಟ್ಟೇಲಿ ಒತ್ತಿ ತೆಗೆದ್ರೆ ಚುಕ್ಕಿ ಹುಟ್ಟೋದೇ ಇಲ್ಲ. ಐವತ್ತು ರೂಪಾಯಿ ಜಾಸ್ತಿ ಕೊಡಿ ಪರವಾಗಿಲ್ಲ.

ಈಗ ಇರೋ ಕಲೆಗೆ ಬರೋಣ. ಗಾಡಿ ನೆರಳಲ್ಲಿ ನಿಲ್ಲಿಸಿ, ಬಾನೆಟ್ ಮುಟ್ಟಿದ್ರೆ ತಣ್ಣಗಿರ್ಬೇಕು. ಶಾಂಪೂ ಹಾಕಿ ತೊಳೀರಿ. ಇನ್ನೂ ಇದ್ರೆ ಅಡುಗೆಗೆ ಬರೋ ಬಿಳಿ ವಿನೆಗರ್‌ಗೆ ಅಷ್ಟೇ ಪ್ರಮಾಣ ಡಿಸ್ಟಿಲ್ಡ್ ವಾಟರ್ ಸೇರಿಸಿ, ಅದೇ ಇನ್ವರ್ಟರ್ ಬ್ಯಾಟರಿಗೆ ಹಾಕ್ತೀವಲ್ಲ ಅದು, ಬಟ್ಟೆ ನೆನೆಸಿ ಕಲೆ ಮೇಲೆ ಒಂದೆರಡು ನಿಮಿಷ ಹೊದೆಸಿ ಬಿಡಿ. ಉಜ್ಜಬೇಡಿ. ಒಣಗಕ್ಕೂ ಬಿಡಬೇಡಿ. ಸುಣ್ಣ ತಾನೇ ಕರಗತ್ತೆ, ಚೆನ್ನಾಗಿ ನೀರು ಹಾಕಿ ತೊಳೆದು ಇನ್ನೊಂದ್ಸಲ ಶಾಂಪೂ. ಮೊದಲು ಕಣ್ಣಿಗೆ ಕಾಣದ ಒಂದು ಮೂಲೇಲಿ ಮಾಡಿ ನೋಡಿ, ಪೇಂಟ್ ಕಿತ್ತು ತಗಡು ಕಾಣ್ತಿರೋ ಕಡೆ ಬೇಡ. ಮೇಲಿದ್ದ ವ್ಯಾಕ್ಸ್ ಕೂಡ ಇದ್ರಲ್ಲಿ ಹೋಗತ್ತೆ, ಹೊಸದಾಗಿ ಹಾಕ್ಬೇಕು.

ಇಷ್ಟಾದ್ಮೇಲೂ ಉಂಗುರ ಕಾಣ್ತಿದ್ಯಾ, ಬೆರಳ ತುದಿಗೆ ಸಣ್ಣ ಗುಳಿ ತರ ಹತ್ತುತ್ತಾ? ಆಗ ಅದು ಪೇಂಟಲ್ಲೇ ಇಳಿದಿದೆ, ಪಾಲಿಶ್ ಬೇಕು. ಪಾಲಿಶ್ ಅಂದ್ರೆ ಏನು ಅಂತ ತಿಳ್ಕೊಂಡು ಹೋಗಿ. ಬಣ್ಣದ ಮೇಲೆ ಇರೋ ಕ್ಲಿಯರ್ ಕೋಟ್ ಸುಮಾರು 40-50 ಮೈಕ್ರಾನ್, ತಲೆಕೂದಲಿನಷ್ಟು ದಪ್ಪನೂ ಇರಲ್ಲ, ಅದನ್ನೇ ಚೂರು ಸವೆಸಿ ಮಟ್ಟ ಮಾಡೋದು. ವರ್ಷಕ್ಕೆ ಮೂರು ಸಲ ಮಾಡಿಸೋ ಕೆಲಸ ಅಲ್ಲ.

ಪ್ರಶ್ನೆ: ನಮ್ಮತ್ತೆ ಹಿತ್ತಾಳೆ ಚೊಂಬಿಗೆ ಹಾಕೋ ಹಾಗೆ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿದ್ರೆ ಕಾರಿನ ಕಲೆನೂ ಹೋಗತ್ತೆ ಅಂತಾರೆ. ಮಾಡಬಹುದಾ? (ಚಿಂತಾಮಣಿಯಿಂದ ಒಬ್ಬ ಓದುಗರು)

ಉತ್ತರ: ನಿಮ್ಮತ್ತೆಯವರ ಲೆಕ್ಕ ಅರ್ಧ ಸರಿ ಇದೆ ಮೇಡಂ, ಹುಣಸೆ ಹುಳಿಗೂ ಸುಣ್ಣ ಕರಗತ್ತೆ. ಆದ್ರೆ ಆ ಉಪ್ಪು, ಹುಣಸೆ ನಾರು, ಮೇಲಿಂದ ತಿಕ್ಕೋದು, ಚೊಂಬು ತಡ್ಕೊಳ್ಳತ್ತೆ, ಪೇಂಟ್ ತಡ್ಕೊಳ್ಳಲ್ಲ. ವಿನೆಗರೇ ಸಾಕು. ಮತ್ತೆ ಟಾಯ್ಲೆಟ್ ತೊಳೆಯೋ ಆಸಿಡ್ ತಂದು ಗಾಡಿಗೆ ಹಾಕಿದವರನ್ನೂ ನಾನು ನೋಡಿದೀನಿ, ಅದಂತೂ ಬೇಡವೇ ಬೇಡ.

ಪ್ರಶ್ನೆ: ಪೇಂಟ್ ಮೇಲೆ ಹಚ್ಚೋ ಸೆರಾಮಿಕ್ ಕೋಟಿಂಗ್ ಮಾಡಿಸಿದ್ರೆ ನೀರಿನ ಕಲೆ ಆಗೋದೇ ಇಲ್ಲ, 9ಎಚ್ ಗಟ್ಟಿ ಇರತ್ತೆ ಅಂತ ಶೋರೂಮಲ್ಲಿ ಹೇಳಿದ್ರು. ನಿಜನಾ?

ಉತ್ತರ: ನಿಜ ಅಲ್ಲ. 9ಎಚ್ ಅನ್ನೋದು ಪೆನ್ಸಿಲ್ ಗಟ್ಟಿತನದ ಅಳತೆ, ಅದಕ್ಕೂ ನೀರಿನ ಕಲೆಗೂ ಸಂಬಂಧ ಇಲ್ಲ. ಕೋಟಿಂಗ್ ಇದ್ರೆ ನೀರು ಕೆಸುವಿನೆಲೆ ಮೇಲೆ ನಿಂತ ಹಾಗೆ ಗುಂಡುಗುಂಡು ನಿಲ್ಲತ್ತೆ, ಗಾಡಿ ಓಡ್ತಿದ್ರೆ ಜಾರಿ ಹೋಗತ್ತೆ ಸರಿ, ನಿಂತ ಗಾಡಿ ಮೇಲೆ ಸ್ಪ್ರಿಂಕ್ಲರ್ ಬಿದ್ರೆ ಆ ಗುಂಡು ಹನಿ ಅಲ್ಲೇ ಒಣಗಿ ಕಲೆ ಇನ್ನೂ ಎದ್ದು ಕಾಣತ್ತೆ. ಅದರಿಂದ ಆಗೋ ಉಪಯೋಗ ಏನು ಅಂದ್ರೆ ಕಲೆ ಮೊದಲು ಕೋಟಿಂಗನ್ನ ತಿನ್ನತ್ತೆ, ಪೇಂಟಿಗೆ ಬರೋದು ಆಮೇಲೆ, ತೆಗೆಯೋದೂ ಸುಲಭ. ಆ ಕೆಲಸ ಎರಡು ಮೂರು ತಿಂಗಳಿಗೊಮ್ಮೆ ಮನೇಲೇ ಹಾಕೋ ವ್ಯಾಕ್ಸೂ ಮಾಡತ್ತೆ. ದುಡ್ಡಿದ್ರೆ ಮಾಡಿಸಿ, ಕಲೆ ಆಗಲ್ಲ ಅನ್ನೋ ನಂಬಿಕೆಯಿಂದ ಮಾಡಿಸ್ಬೇಡಿ.

ಪ್ರಶ್ನೆ: ಆರ್‌ಓ ಫಿಲ್ಟರ್‌ನಿಂದ ಹೊರಗೆ ಹೋಗೋ ನೀರು ವೇಸ್ಟ್ ಆಗತ್ತೆ ಅಂತ ಬಕೆಟಲ್ಲಿ ಹಿಡಿದು ಕಾರ್ ತೊಳೀತೀವಿ. ಪರವಾಗಿಲ್ವಾ?

ಉತ್ತರ: ಈ ತಪ್ಪು ನಾನೂ ಮಾಡಿದೀನಿ. 2024ರ ಮಾರ್ಚಲ್ಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆದಾಗ ಕುಡಿಯೋ ನೀರಲ್ಲಿ ಕಾರ್ ತೊಳೆದ್ರೆ 5000 ದಂಡ ಅಂತ ಜಲಮಂಡಳಿ ಆರ್ಡರ್ ಮಾಡ್ತಲ್ಲ, ಆಗ ನಾನೂ ಬಹಳ ಬುದ್ಧಿವಂತ ಅಂದ್ಕೊಂಡು ಆರ್‌ಓ ನೀರು ಹಿಡಿದು ತೊಳೆಯೋಕೆ ಶುರು ಮಾಡಿದೆ. ಬಿಳಿ ಗಾಡಿ ನೋಡಿ, ಏನೂ ಗೊತ್ತಾಗ್ಲಿಲ್ಲ. ಒಂದು ರಾತ್ರಿ ಎದುರಿಂದ ಲಾರಿ ಲೈಟ್ ಬಿತ್ತು, ಮುಂದಿನ ಗ್ಲಾಸ್ ಪೂರ್ತಿ ಮಂಜು ಹಿಡಿದ ಹಾಗೆ, ರಸ್ತೇನೇ ಕಾಣ್ಲಿಲ್ಲ. ಆರ್‌ಓ ನಮಗೆ ಒಳ್ಳೆ ನೀರು ಕೊಟ್ಟು ಉಪ್ಪೆಲ್ಲ ಆ ಪೈಪಲ್ಲಿ ಹೊರಗೆ ಕಳಿಸತ್ತೆ, ನಲ್ಲಿ ನೀರಿಗಿಂತ ಅದು ಗಡಸು. ನೆಲ ಒರೆಸಿ, ಟಾಯ್ಲೆಟ್‌ಗೆ ಹಾಕಿ, ಟೈರು ಬೇಕಾದ್ರೆ ತೊಳೀರಿ. ಗಾಡಿಗೆ ಕೊನೇ ನೀರು ಹುಯ್ಯೋಕೆ ಎಸಿ ಪೈಪಿಂದ ತೊಟ್ಟಿಕ್ಕೋ ನೀರು ಹಿಡೀರಿ, ಅದು ಗಾಳಿಯ ತೇವ ನೀರಾಗಿದ್ದು, ಉಪ್ಪು ಇಲ್ಲದಷ್ಟೇ ಕಮ್ಮಿ. ಮಳೆನೀರು ತೊಟ್ಟಿ ಇದ್ರೆ ಇನ್ನೂ ಒಳ್ಳೇದು.

ಮನೆಗೆ ಸಾಫ್ಟ್‌ನರ್ ಹಾಕಿಸಿರೋರು ನಮಗೆ ತೊಂದ್ರೆ ಇಲ್ಲ ಅಂತಾರೆ, ಅದೂ ಪೂರ್ತಿ ನಿಜ ಅಲ್ಲ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಅದರ ಜಾಗಕ್ಕೆ ಸೋಡಿಯಂ ಕೂರಿಸತ್ತೆ, ಮೀಟರ್ ಇಟ್ರೆ ಟಿಡಿಎಸ್ ಹೆಚ್ಚುಕಮ್ಮಿ ಅಷ್ಟೇ. ಕಲೆ ಬೀಳತ್ತೆ, ಆದ್ರೆ ನೀರು ಹಾಕಿದ್ರೆ ಹೋಗತ್ತೆ.

ಪ್ರಶ್ನೆ: ನಾವು ಡಲ್ಲಾಸಲ್ಲಿ ಇದೀವಿ, ಮನೆ ಮುಂದೆ ಡ್ರೈವ್‌ವೇಲಿ ಕಾರು ನಿಲ್ಲಿಸ್ತೀವಿ, ಪಕ್ಕದ ಮನೆ ಸ್ಪ್ರಿಂಕ್ಲರ್ ಬೆಳಗಿನ ಜಾವ ಹೊಡೆಯತ್ತೆ. ಹಗಲು ಹಾಕಿ ಅಂತ ಕೇಳಬಹುದಾ? ಕವರ್ ಹಾಕಿದ್ರೆ ಹೇಗೆ?

ಉತ್ತರ: ಹಗಲು ಹಾಕೋ ಹಾಗಿಲ್ವಲ್ಲ ನಿಮ್ಮೂರಲ್ಲಿ, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಬೆಳಗ್ಗೆ 10ರಿಂದ ಸಂಜೆ 6ರವರೆಗೆ ಸ್ಪ್ರಿಂಕ್ಲರ್ ಬಂದ್, ನೀರು ಆವಿಯಾಗಿ ಹೋಗತ್ತೆ ಅಂತ ಮಾಡಿರೋ ನಿಯಮ. ಸ್ಪ್ರಿಂಕ್ಲರ್ ತಲೆ ಚೂರು ತಿರುಗಿಸಿ ಅಂತ ಕೇಳಿ, ಯಾರೂ ಇಲ್ಲ ಅನ್ನಲ್ಲ. ಕವರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ, ಧೂಳಿರೋ ಗಾಡಿಗೆ ಹಾಕಿದ್ರೆ ಗಾಳಿಗೆ ಬಡಿದು ಬಡಿದು ಗೀರು ಮಾಡತ್ತೆ, ಒದ್ದೆ ಕವರನ್ನ ದಿನಾ ತೆಗೆದು ಒಣಗಿಸೋದು ಮೂರನೇ ದಿನಕ್ಕೆ ಬೇಜಾರಾಗತ್ತೆ. ಗರಾಜಲ್ಲಿರೋ ಹಳೇ ಡಬ್ಬ, ಮಕ್ಕಳ ಸೈಕಲ್ಲು, ಬಿಚ್ಚದೇ ಇರೋ ಸೂಟ್‌ಕೇಸು ಎಲ್ಲಾ ಒಂದು ಶನಿವಾರ ಕೂತು ಜರುಗಿಸಿದ್ರೆ ಗಾಡಿಗೆ ಜಾಗ ಆಗಬಹುದು ನೋಡಿ.